ರೈಫಲ್ಲನ್ನು ಮೂಳೆಯ ಮೇಲೆ ಕೂರಿಸಿ

ಹತ್ತು ಮೀಟರ್ ಏರ್ ರೈಫಲ್ ಟಾರ್ಗೆಟ್‌ನ ನಟ್ಟನಡುವೆ ಇರುವ ಹತ್ತಂಕದ ಚುಕ್ಕೆಯ ವ್ಯಾಸ 0.5 ಮಿ.ಮೀ. ಅದರ ಸುತ್ತಲಿನ ಒಂದು ವೃತ್ತಕ್ಕೂ ಮುಂದಿನ ವೃತ್ತಕ್ಕೂ ಅಂತರ 2.5 ಮಿ.ಮೀ. ರೈಫಲ್ಲಿನ ಬಟ್ (ಹಿಂತುದಿ) ಭುಜಕ್ಕೆ ಕೂತಿದೆ, ನಳಿಗೆಯ ತುದಿ ಅಲ್ಲಿಂದ ಒಂದು ಮೀಟರ್ ಮುಂದಿದೆ ಎಂದಿಟ್ಟುಕೊಳ್ಳಿ. ಆ ತುದಿ ಕಾಲು ಮಿಲಿಮೀಟರ್ ಆಚೀಚೆಯಾದರೆ ಒಂದು ಅಂಕ ಹೋಯಿತು. 50 ಮೀಟರ್ ಸ್ಪರ್ಧೆಯಲ್ಲಿ ವೃತ್ತಗಳ ಅಂತರ 8 ಮಿ.ಮೀ.; ಅಲ್ಲಿ 0.16 ಮಿ.ಮೀ. ಅಲುಗಿದರೂ ಸಾಕು.

ಮೈಸೂರು, ಮಂಡ್ಯದ ಕಾಲೇಜು ಮಕ್ಕಳಲ್ಲಿ ಅನೇಕರು ಮೊದಲ ಸಲ ಬಂದೂಕು ಮುಟ್ಟುವುದು ಎನ್‌ಸಿಸಿಯಲ್ಲಿ, .22 ರೈಫಲ್ ಹಿಡಿದು ಬೋರಲು ಮಲಗಿ. ಅಲ್ಲಿ ಚೆನ್ನಾಗಿ ಹೊಡೆದವರೇ ಎದ್ದು ನಿಂತು ಹೊಡೆಯಲು ಹೋದಾಗ ನಳಿಗೆ ಕುಣಿಯತೊಡಗುತ್ತದೆ. ಪಕ್ಕದವರು ಕೂಡಲೇ ಹೇಳುವ ಮಾತು, "ಗಟ್ಟಿಯಾಗಿ ಹಿಡ್ಕೊ". ಇದಕ್ಕಿಂತ ಕೆಟ್ಟ ಸಲಹೆ ಇನ್ನೊಂದಿಲ್ಲ.

ಕೆಲಸ ಮಾಡುತ್ತಿರುವ ಯಾವ ಸ್ನಾಯುವೂ ಪೂರ್ತಿ ನಿಶ್ಚಲವಾಗಿರುವುದಿಲ್ಲ. ಆರೋಗ್ಯವಂತರ ಕೈಯಲ್ಲೂ ಸೆಕೆಂಡಿಗೆ ಸುಮಾರು 8ರಿಂದ 12 ಸಲ ಸಣ್ಣ ಕಂಪನ ಇದ್ದೇ ಇರುತ್ತದೆ. ಬಿಗಿ ಹೆಚ್ಚಿದಂತೆ, ದಣಿವು ಏರಿದಂತೆ ಅದೂ ಹೆಚ್ಚುತ್ತದೆ. ಮೂಳೆಗೆ ಆ ಕಂಪನವಿಲ್ಲ, ದಣಿವೂ ಇಲ್ಲ. ಹಾಗಾಗಿ ರೈಫಲ್ಲಿನ ಭಾರ ಮೂಳೆಯಿಂದ ಮೂಳೆಗೆ ಇಳಿದು ನೆಲ ಸೇರಬೇಕು, ಸ್ನಾಯುಗಳಿಗೆ ಆದಷ್ಟು ಕಡಿಮೆ ಕೆಲಸ ಉಳಿಯಬೇಕು. ಎಲ್ಲ ಭಂಗಿಗಳ ಗುಟ್ಟೂ ಇದೇ.

ನಿಂತು ಹೊಡೆಯುವ ಭಂಗಿಯನ್ನೇ ನೋಡಿ, ಎಡಮಗ್ಗುಲು ಟಾರ್ಗೆಟ್ ಕಡೆ ಇರುತ್ತದೆ. (ಇಲ್ಲಿ ಹೇಳುವುದೆಲ್ಲ ಬಲಗೈಯವರಿಗೆ, ಎಡಗೈಯವರು ತಿರುಗಿಸಿಕೊಳ್ಳಿ.) ಏರ್ ರೈಫಲ್ 5.5 ಕೆ.ಜಿ.ವರೆಗೂ ತೂಗಬಹುದು. ಅಷ್ಟು ಭಾರ ಎದೆಯ ಮುಂದೆ ಹಿಡಿದು ನೆಟ್ಟಗೆ ನಿಂತರೆ ಮೈಭಾರ ಕಾಲ್ಬೆರಳುಗಳ ಕಡೆ ವಾಲುತ್ತದೆ. ಬೀಳದಂತೆ ತಡೆಯಲು ಮೀನಖಂಡವೂ ಬೆನ್ನೂ ಎಳೆದು ಹಿಡಿಯುತ್ತವೆ. ಅದಕ್ಕೇ ಸೊಂಟವನ್ನು ಟಾರ್ಗೆಟ್ ಕಡೆ ಸ್ವಲ್ಪ ದೂಡಿ, ಮೇಲ್ಮೈಯನ್ನು ರೈಫಲ್ಲಿಗೆ ಎದುರಾಗಿ ಹಿಂದಕ್ಕೆ ಬಾಗಿಸುತ್ತಾರೆ. ಆಗ ಮೈ ಮತ್ತು ರೈಫಲ್ ಎರಡರ ಒಟ್ಟು ಭಾರ ಪಾದಗಳ ನಡುವೆ ಬೀಳುತ್ತದೆ. ಎಡ ಮೊಣಕೈ ಸೊಂಟದ ಮೂಳೆಯ ಏಣಿನ ಮೇಲೆ ಕೂರಬೇಕು. ಕೈ ಗಿಡ್ಡವಾಗಿ ಅಲ್ಲಿಗೆ ಎಟುಕದವರು ಪಕ್ಕೆಲುಬಿಗೆ ಆನಿಸಿದರೂ ನಡೆಯುತ್ತದೆ. ಅಂಗೈ ಬಿಚ್ಚಿ ಹಿಡಿದಾಗ ರೈಫಲ್ ತಗ್ಗಾಯಿತು ಅನ್ನಿಸಿದರೆ ಮುಷ್ಟಿಯ ಮೇಲೆ ಇಡಿ. ತೋಳಿನಿಂದ ಎತ್ತಿ ಹಿಡಿದರೆ ಮಾತ್ರ ಎರಡನೇ ಹತ್ತು ಗುಂಡಿಗೆ ಕೈ ಸೋಲುತ್ತದೆ.

ಭಂಗಿ ಕಟ್ಟಿದ ಮೇಲೆ ಪರೀಕ್ಷೆ. ಗುರಿ ಹಿಡಿದು ಕಣ್ಣು ಮುಚ್ಚಿ, ಎರಡು ಮೂರು ಸಲ ಉಸಿರಾಡಿ, ಭುಜ ಸಡಿಲ ಬಿಡಿ. ಕಣ್ಣು ತೆರೆದಾಗ ನಳಿಗೆ ಎಲ್ಲಿ ನಿಂತಿದೆಯೋ ಅದು ನಿಮ್ಮ ಮೈಯ ಸಹಜ ಗುರಿ. ಅದು ಟಾರ್ಗೆಟ್‌ನ ಬಲಕ್ಕಿದ್ದರೆ ಕೈಯಿಂದ ಎಡಕ್ಕೆ ಎಳೆಯಬೇಡಿ. ಎಳೆದು ಹಿಡಿದ ಸ್ನಾಯು ಕುದುರೆ (ಟ್ರಿಗರ್) ಒತ್ತುವ ಕ್ಷಣಕ್ಕೆ ಸಡಿಲವಾಗಿ ಗುಂಡು ಮತ್ತೆ ಬಲಕ್ಕೇ ಹೋಗುತ್ತದೆ. ಎಡಗಾಲನ್ನು ಕದಲಿಸದೆ ಬಲ ಪಾದವನ್ನು ಬೆರಳು ನೋಡುತ್ತಿರುವ ದಿಕ್ಕಿಗೆ ಜರುಗಿಸಿ, ಇಡೀ ಮೈ ತಿರುಗುತ್ತದೆ. ಎಷ್ಟು ಜರುಗಿಸಬೇಕು? ಪಾದಗಳ ನಡುವೆ 35 ಸೆಂ.ಮೀ. ಇದ್ದು, 10 ಮೀಟರ್ ದೂರದಲ್ಲಿ ಗುರಿ 10 ಸೆಂ.ಮೀ. ತಪ್ಪಿದ್ದರೆ, ಲೆಕ್ಕಕ್ಕೆ ಬರೀ 3.5 ಮಿ.ಮೀ. ಹೊಸಬರು ಒಂದು ಹೆಜ್ಜೆಯನ್ನೇ ಇಟ್ಟು ಅಷ್ಟೇ ದೂರ ಆಚೆಗೆ ತಪ್ಪಿಸಿಕೊಳ್ಳುತ್ತಾರೆ. ನಳಿಗೆ ಕೆಳಗೆ ನಿಂತಿದ್ದರೆ ಎಡಗೈಯನ್ನು ಕುದುರೆಯ ಕಡೆಗೆ ಸ್ವಲ್ಪ ತನ್ನಿ, ಮೇಲಿದ್ದರೆ ಮುಂದಕ್ಕೆ ಒಯ್ಯಿರಿ. ನಂತರ ಮತ್ತೆ ಕಣ್ಣು ಮುಚ್ಚಿ ನೋಡಿ. ಪಂದ್ಯದ ನಡುವೆ ಪಾದ ಎತ್ತಿದರೆ ಈ ಪರೀಕ್ಷೆ ಮೊದಲಿಂದ ಮಾಡಲೇಬೇಕು.

ತಲೆಯನ್ನು ರೈಫಲ್ಲಿನ ಮೇಲೆ ವಾಲಿಸುವುದು ಇನ್ನೊಂದು ರೋಗ. ಸಮತೋಲನದ ಅಂಗ ಇರುವುದು ಒಳಕಿವಿಯಲ್ಲಿ. ಅದಕ್ಕೇ ತಲೆಸುತ್ತಿನವರನ್ನು ಮೈಸೂರಿನ ಮಾನಸಗಂಗೋತ್ರಿಯ ವಾಕ್ ಶ್ರವಣ ಸಂಸ್ಥೆಯಂಥ ಕಡೆ ಕಿವಿಯ ಪರೀಕ್ಷೆಗೆ ಕಳಿಸುವುದು. ತಲೆ ನೆಟ್ಟಗಿದ್ದರೆ ಆ ಅಂಗ ಸರಿಯಾದ ಸುದ್ದಿ ಕೊಡುತ್ತದೆ, ಮೈ ಕಡಿಮೆ ತೂಗಾಡುತ್ತದೆ. ರೈಫಲ್ಲಿನಲ್ಲಿ ಕೆನ್ನೆ ಆನಿಸುವ ಪಟ್ಟಿಯನ್ನು ಎತ್ತರಿಸಿ ರೈಫಲ್ಲನ್ನು ಮುಖದ ಹತ್ತಿರ ತನ್ನಿ, ಮುಖವನ್ನು ರೈಫಲ್ಲಿನ ಹತ್ತಿರ ಒಯ್ಯಬೇಡಿ.

50 ಮೀಟರ್ ತ್ರೀ ಪೊಸಿಷನ್‌ನಲ್ಲಿ ಮೊದಲು ಮಂಡಿಯೂರಿ, ಆಮೇಲೆ ಬೋರಲು ಮಲಗಿ, ಕೊನೆಗೆ ನಿಂತು ಹೊಡೆಯಬೇಕು. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಸ್ವಪ್ನಿಲ್ ಕುಸಾಳೆ ಕಂಚು ಗೆದ್ದದ್ದು ಇದರಲ್ಲೇ. ಮಂಡಿಯೂರಿದಾಗ ಬಲಪಾದದ ಮುಂಗಾಲಿನ ಕೆಳಗೆ ಒಂದು ದಿಂಡು ಇಟ್ಟುಕೊಳ್ಳಬಹುದು. ನಿಯಮದ ಪ್ರಕಾರ ಅದು 25 ಸೆಂ.ಮೀ. ಉದ್ದ, 18 ಸೆಂ.ಮೀ. ವ್ಯಾಸ ಮೀರುವಂತಿಲ್ಲ. ಹೆಚ್ಚಿನ ಭಾರ ಹಿಮ್ಮಡಿಯ ಮೇಲೆ, ಅಲ್ಲಿಂದ ದಿಂಡಿಗೆ ಇಳಿಯಬೇಕು. ತುಂಬಿದ್ದು ಗಟ್ಟಿಯಾದರೆ ಪಾದ ಜೋಮು ಹಿಡಿಯುತ್ತದೆ. ಸಡಿಲವಾದರೆ ಗುಂಡಿನಿಂದ ಗುಂಡಿಗೆ ದಿಂಡು ಕುಸಿದು ಸಹಜ ಗುರಿ ತನ್ನಷ್ಟಕ್ಕೆ ಬದಲಾಗುತ್ತಿರುತ್ತದೆ, ಶೂಟರ್ ಸೈಟನ್ನು (ಗುರಿ ನೋಡುವ ಸಾಧನವನ್ನು) ಬೈಯುತ್ತಿರುತ್ತಾನೆ. ಎಡ ಮೊಣಕೈಯ ಚೂಪನ್ನು ಮಂಡಿಚಿಪ್ಪಿನ ಮೇಲೆಯೇ ಇಟ್ಟರೆ ಅದು ಜಾರುತ್ತದೆ. ಚಿಪ್ಪಿನಿಂದ ಸ್ವಲ್ಪ ಮುಂದೆಯೋ ಹಿಂದೆಯೋ ಚಪ್ಪಟೆ ಜಾಗ ಹುಡುಕಿ.

ಮಲಗಿ ಹೊಡೆಯುವಾಗ ಬಲ ಮಂಡಿಯನ್ನು ಮೇಲಕ್ಕೆ ಮಡಚಿದರೆ ಹೊಟ್ಟೆ ನೆಲದಿಂದ ಕೊಂಚ ಏಳುತ್ತದೆ, ಉಸಿರು ಹಗುರಾಗುತ್ತದೆ. ಎಡ ಮುಂಗೈ ನೆಲಕ್ಕೆ 30 ಡಿಗ್ರಿಗಿಂತ ತಗ್ಗುವಂತಿಲ್ಲ. ಇಲ್ಲಿ ನಿಜವಾದ ತೊಂದರೆ ಕೊಡುವುದು ಸ್ಲಿಂಗ್, ಅಂದರೆ ಎಡತೋಳನ್ನು ರೈಫಲ್ಲಿಗೆ ಬಿಗಿಯುವ ಪಟ್ಟಿ. ತೋಳಿನ ಒಳಬದಿಯಲ್ಲಿ ದೊಡ್ಡ ರಕ್ತನಾಳ ಇದೆ. ಪಟ್ಟಿ ಅದರ ಮೇಲೆ ಬಿಗಿದರೆ ಪ್ರತಿ ಮಿಡಿತಕ್ಕೂ ಸೈಟ್ ಜಿಗಿಯುತ್ತದೆ. ಜಿಗಿತ ತಾಳ ತಪ್ಪದೆ ಬರುತ್ತಿದ್ದರೆ ಅದು ನಾಡಿಯೇ. ಪಟ್ಟಿಯನ್ನು ತೋಳಿನ ಹೊರಬದಿಗೆ ತಿರುಗಿಸಿ, ಇನ್ನೂ ಮೇಲಕ್ಕೆ ಏರಿಸಿ, ಬೇಕಿದ್ದರೆ ಒಂದು ತೂತು ಸಡಿಲಿಸಿ. ಕೆಫೀನ್ ಕೈನಡುಕ ಹೆಚ್ಚಿಸುತ್ತದೆ. ಪಂದ್ಯದ ಬೆಳಿಗ್ಗೆ ಎರಡನೇ ಲೋಟ ಫಿಲ್ಟರ್ ಕಾಫಿ ಬೇಡ.

ಉಸಿರನ್ನು ಎದೆತುಂಬ ಕಟ್ಟಬೇಡಿ. ಸಹಜವಾಗಿ ಹೊರಬಿಟ್ಟ ಮೇಲೆ ಬರುವ ಬಿಡುವಿನಲ್ಲಿ, ಆರೆಂಟು ಸೆಕೆಂಡಿನೊಳಗೆ ಗುಂಡು ಹೋಗಬೇಕು. ಹೋಗದಿದ್ದರೆ ರೈಫಲ್ ಇಳಿಸಿ. ಹೆಚ್ಚು ಹೊತ್ತು ನೋಡಿದಷ್ಟೂ ಕಣ್ಣು ಮಬ್ಬಾಗುತ್ತದೆ, ನಡುಕ ಏರುತ್ತದೆ. ಏರ್ ರೈಫಲ್ಲಿನಲ್ಲಿ 60 ಗುಂಡಿಗೆ 75 ನಿಮಿಷ ಇದೆ. ಒಂದು ಗುಂಡಿಗೆ ಎರಡು ಸಲ ಇಳಿಸಿ ಎತ್ತಿದರೂ ಸಮಯ ಮಿಗುತ್ತದೆ.

ಇದೆಲ್ಲವನ್ನೂ ಏರ್ ರೈಫಲ್ಲಿನಲ್ಲಿ ಗುಂಡಿಲ್ಲದೆ ಮನೆಯ ಹಾಲ್‌ನಲ್ಲೇ ಕಲಿಯಬಹುದು. ನಳಿಗೆ ಖಾಲಿ ಇದೆಯೇ ಎಂದು ಕಣ್ಣಿಂದಲೂ ಬೆರಳಿಂದಲೂ ನೋಡಿ, ಪೆಲೆಟ್ ಡಬ್ಬಿಯನ್ನು ಬೇರೆ ಕೋಣೆಯಲ್ಲಿಡಿ, ಗಟ್ಟಿ ಗೋಡೆಯ ಕಡೆಗೇ ಗುರಿಯಿಡಿ. ಟಾರ್ಗೆಟ್‌ನ ಕಪ್ಪು ಭಾಗ 30.5 ಮಿ.ಮೀ.; ಐದು ಮೀಟರಿಗೆ ಅದರ ಅರ್ಧ, 15.25 ಮಿ.ಮೀ. ವೃತ್ತ ಬರೆದು ಅಂಟಿಸಿ. ರೇಂಜಿನಲ್ಲಿ ಟಾರ್ಗೆಟ್ ನಡುವಿನ ಎತ್ತರ ನೆಲದಿಂದ 1.4 ಮೀಟರ್. ನಿಮ್ಮ ನಳಿಗೆ 1.5 ಮೀಟರ್ ಎತ್ತರದಲ್ಲಿದ್ದರೆ ಮನೆಯಲ್ಲಿ 1.45 ಮೀಟರಿಗೆ ಅಂಟಿಸಿ, ಕೋನ ಅದೇ ಉಳಿಯುತ್ತದೆ. ಸಹಜ ಗುರಿ ಸಿಕ್ಕ ಮೇಲೆ ಪಾದದ ಸುತ್ತ ರೆಡ್ ಆಕ್ಸೈಡ್ ನೆಲದ ಮೇಲೆ ಚಾಕ್‌ಪೀಸಿನಲ್ಲಿ ಗೆರೆ ಎಳೆದು, ಹೆಬ್ಬೆರಳುಗಳ ನಡುವಿನ ಅಂತರ, ಹಿಮ್ಮಡಿಗಳ ನಡುವಿನ ಅಂತರ ಎರಡನ್ನೂ ಅಳೆದು ಬರೆದಿಟ್ಟುಕೊಳ್ಳಿ. ರೇಂಜಿಗೆ ಹೋದಾಗ ಆ ಅಳತೆಯಿಂದಲೇ ನಿಲ್ಲಿ.