ಕೆನೆ ಯಂತ್ರವೂ ಶಿರಸಿಯ ಕಡಗೋಲೂ

ಅಗಲ ಪಾತ್ರೆಯಲ್ಲಿ ಹಾಲಿಟ್ಟು, ಕೆನೆ ತಾನಾಗಿ ಮೇಲೆ ಕಟ್ಟಲೆಂದು ರಾತ್ರಿಯಿಡೀ ಕಾಯುವುದು ಯುರೋಪಿನ ಹಳೆಯ ಪದ್ಧತಿ. ಅಷ್ಟು ಕಾದರೂ ಜಿಡ್ಡಿನ ಒಂದು ಪಾಲು ಹಾಲಿನಲ್ಲೇ ಉಳಿಯುತ್ತಿತ್ತು. 1878ರಲ್ಲಿ ಸ್ವೀಡನ್ನಿನ ಎಂಜಿನಿಯರ್ ಗುಸ್ತಾಫ್ ಡಿ ಲಾವಾಲ್ ಕೆನೆ ಬೇರ್ಪಡಿಸುವ ಯಂತ್ರ ಮಾಡಿ ಈ ಕಾಯುವಿಕೆಯನ್ನು ತಪ್ಪಿಸಿದರು. ನಿಮಿಷಕ್ಕೆ ಸಾವಿರಾರು ಸುತ್ತು ತಿರುಗುವ ಬಟ್ಟಲಿಗೆ ಬೆಚ್ಚಗಿನ ಹಾಲು ಬಿಟ್ಟರೆ ಭಾರದ ಹಾಲು ಅಂಚಿಗೆ, ಹಗುರ ಕೆನೆ ನಡುವಿಗೆ ಸರಿದು, ಎರಡೂ ಬೇರೆ ಬೇರೆ ಕೊಳವೆಯಲ್ಲಿ ಇಳಿಯುತ್ತವೆ. ಹತ್ತು ವರ್ಷದ ಬಳಿಕ ಜರ್ಮನಿಯ ಬೆಕ್ಟೋಲ್ಸ್‌ಹೈಮ್ ಬಟ್ಟಲೊಳಗೆ ಶಂಕುವಿನಾಕಾರದ ತೆಳು ತಟ್ಟೆಗಳನ್ನು ಪೇರಿಸುವ ಉಪಾಯ ಕೊಟ್ಟ ಮೇಲೆ ಕೆಲಸ ಇನ್ನೂ ಚುರುಕಾಯಿತು.

ಆದರೆ ಆ ತಟ್ಟೆಗಳನ್ನು ಬಳಸಿದಾಗಲೆಲ್ಲ ಬಿಚ್ಚಿ, ತೊಳೆದು, ಅದೇ ಕ್ರಮದಲ್ಲಿ ಮತ್ತೆ ಪೇರಿಸಬೇಕು. ಒಂದರ ಸಂದಿಯಲ್ಲಿ ಜಿಡ್ಡು ಉಳಿದರೂ ಮರುದಿನದ ಕೆನೆ ಹುಳಿ ನಾರುತ್ತದೆ. ಯಂತ್ರದ ಹಿಡಿಕೆ ತಿರುಗಿಸುವವರ ಶ್ರಮ ಕಡಿಮೆಯಾಯಿತು, ನಿಜ. ತೊಳೆಯುವವರದನ್ನು ಯಾರೂ ಲೆಕ್ಕಕ್ಕೆ ಹಿಡಿದಂತಿಲ್ಲ.

ಕೆನೆ ತೆಗೆದು ಉಳಿದ ಹಾಲಿಗೂ ಅಲ್ಲಿ ಗಿರಾಕಿ ಇತ್ತು. 1882ರಲ್ಲಿ ಡೆನ್ಮಾರ್ಕಿನ ಯೆಡಿಂಗ್ ಊರಲ್ಲಿ ರೈತರು ಸಹಕಾರಿ ಡೇರಿ ಕಟ್ಟಿದರು. ಇಂಥ ಡೇರಿಗಳಲ್ಲಿ ಕೆನೆ ಬೆಣ್ಣೆಯಾಗುತ್ತಿತ್ತು, ಉಳಿದ ಹಾಲು ರೈತರ ಮನೆಗೆ ಮರಳಿ ಹಂದಿಗಳ ಹೊಟ್ಟೆ ಸೇರುತ್ತಿತ್ತು.

ಶಿರಸಿ ಸೀಮೆಯ ಮನೆಗಳಲ್ಲಿ ಲೆಕ್ಕ ತಿರುವುಮುರುವು. ಇಲ್ಲಿ ಬೆಣ್ಣೆ ಬರುವುದು ಮೊಸರಿನಿಂದ, ಮತ್ತು ಉಳಿಯುವ ಮಜ್ಜಿಗೆ ಯಾವ ಪ್ರಾಣಿಯ ಪಾಲೂ ಅಲ್ಲ. ಅದಿಲ್ಲದೆ ತಂಬುಳಿ ಆಗದು, ಊಟದ ಕೊನೆಯ ಅನ್ನ ಇಳಿಯದು. ಕಂಬಕ್ಕೆ ಕಟ್ಟಿದ ಕಡಗೋಲಿನ ಹಗ್ಗ ಎಳೆಯುತ್ತಾ, ಮಳೆಗಾಲದ ಥಂಡಿಯಲ್ಲಿ ಬೆಣ್ಣೆ ಕೂಡದಿದ್ದರೆ ಬಿಸಿನೀರು, ಬೇಸಿಗೆಯಲ್ಲಿ ತಣ್ಣೀರು ಹಾಕುವ ಹದ ಹೆಂಗಸರಿಗೆ ಗೊತ್ತು. ಇಲ್ಲಿನ ಸಣ್ಣ ದೇಸಿ ಹಸು ಮಲೆನಾಡು ಗಿಡ್ಡ ಕೊಡುವ ಒಂದೆರಡು ಲೀಟರ್ ಹಾಲಿಗೆ ಅಷ್ಟೊಂದು ತಟ್ಟೆ ತೊಳೆಯಲು ಯಾರಿಗೆ ಪುರುಸೊತ್ತು? ಮೊಸರು ಕಡೆದು ಕಾಯಿಸಿದ ತುಪ್ಪದ ಘಮವೂ ಹಸಿ ಕೆನೆಯ ತುಪ್ಪಕ್ಕಿಲ್ಲ.

ಯಂತ್ರ ಬಂದದ್ದು ಡೇರಿಗಳ ಮೂಲಕ. ಉತ್ತರ ಕನ್ನಡದ ಹಾಲು ಸಂಘಗಳು ಧಾರವಾಡ ಹಾಲು ಒಕ್ಕೂಟಕ್ಕೆ ಸೇರುತ್ತವೆ. ಸಂಘದಲ್ಲಿ ಜಿಡ್ಡು ಅಳೆದೇ ದರ ಹಾಕುವುದರಿಂದ ಮನೆಯಲ್ಲಿ ಕೆನೆ ತೆಗೆದು ಹಾಲು ಹಾಕುವವರಿಗೆ ನಷ್ಟವೇ. ಕೆನೆ ಬೇರ್ಪಡಿಸಿ ಬೆಣ್ಣೆ, ಹಾಲಿನ ಪುಡಿ ಮಾಡುವ ಕೆಲಸ ದೊಡ್ಡ ಡೇರಿಗಳದ್ದಾಯಿತು.

ಮನೆಯಲ್ಲಿ ರಟ್ಟೆನೋವು ಇಳಿಸಿದ್ದು ವಿದ್ಯುತ್ ಮೋಟಾರಿನ ಕಡಗೋಲು. ತೊಳೆಯಲು ಒಂದೇ ಕೋಲು, ಮಜ್ಜಿಗೆಯೂ ಕೈತಪ್ಪುವುದಿಲ್ಲ. ಹತ್ತಾರು ಹಸು ಕಟ್ಟಿ ತುಪ್ಪ ಮಾರುವವರಿಗೆ ಕೆನೆ ಯಂತ್ರ ಒಗ್ಗೀತು, ಆದರೆ ಕೊಳ್ಳುವ ಮೊದಲು ಉಳಿದ ಹಾಲಿಗೊಂದು ದಾರಿ ನೋಡಿಕೊಂಡಿರಬೇಕು.