ಔಷಧಿಗೆ ಒಗ್ಗಿದ್ದು ಮೈ ಅಲ್ಲ

“ಮೊದಮೊದಲು ಔಷಧಿ ಚೆನ್ನಾಗಿ ಹಿಡಿಯಿತು, ಆಮೇಲೆ ಮೈ ಒಗ್ಗಿಹೋಯಿತು.” ಲ್ಯುಕೇಮಿಯಾ, ಅಂದರೆ ರಕ್ತದ ಕ್ಯಾನ್ಸರ್, ಮರುಕಳಿಸಿದಾಗ ಮನೆಮಂದಿ ಹೀಗೆ ಹೇಳುವುದುಂಟು. ಮಾತು ಅರ್ಧ ಸರಿ. ಒಗ್ಗಿದ್ದು ಮೈ ಅಲ್ಲ, ರೋಗದ ಕೋಶಗಳು. ಅವುಗಳಲ್ಲಿ ಕೆಲವಂತೂ ಔಷಧಿ ಬರುವ ಮೊದಲೇ ತಯಾರಾಗಿ ಕೂತಿರುತ್ತವೆ.

1947ರ ಕೊನೆಗೆ ಬಾಸ್ಟನ್ನಿನ ಡಾಕ್ಟರ್ ಸಿಡ್ನಿ ಫಾರ್ಬರ್ ಲ್ಯುಕೇಮಿಯಾ ಇದ್ದ ಮಕ್ಕಳಿಗೆ ಅಮಿನೊಪ್ಟೆರಿನ್ ಅನ್ನುವ ಔಷಧಿ ಕೊಡತೊಡಗಿದರು. ಅದನ್ನು ತಯಾರಿಸಿಕೊಟ್ಟದ್ದು ಭೀಮಾವರದಲ್ಲಿ ಹುಟ್ಟಿ ಅಮೆರಿಕ ಸೇರಿದ್ದ ಯಲ್ಲಾಪ್ರಗಡ ಸುಬ್ಬರಾವ್ ಅವರ ತಂಡ. 16 ಮಕ್ಕಳಲ್ಲಿ 10 ಮಕ್ಕಳು ಚೇತರಿಸಿಕೊಂಡರು. ಆದರೆ ಅದು ಕೆಲವೇ ತಿಂಗಳ ಮಾತು. ಕಾಯಿಲೆ ಮತ್ತೆ ಬಂತು, ಈ ಸಲ ಔಷಧಿಗೆ ಜಗ್ಗಲಿಲ್ಲ.

ಯಾಕೆ? ಲೆಕ್ಕ ಹಾಕಿ ನೋಡಿ. ಕಾಯಿಲೆ ಪತ್ತೆಯಾಗುವ ಹೊತ್ತಿಗೆ ಮೈಯಲ್ಲಿ ಸುಮಾರು ಒಂದು ಲಕ್ಷ ಕೋಟಿ ಲ್ಯುಕೇಮಿಯಾ ಕೋಶಗಳಿರಬಹುದು. ಕೋಶ ಎರಡಾಗುವಾಗ ಡಿಎನ್‌ಎ ನಕಲಿನಲ್ಲಿ ಅಲ್ಲೊಂದು ಇಲ್ಲೊಂದು ತಪ್ಪು ನುಸುಳುತ್ತದೆ. ಇಷ್ಟು ದೊಡ್ಡ ಜಾತ್ರೆಯಲ್ಲಿ, ಔಷಧಿಯಿಂದ ಪಾರಾಗುವಂಥ ತಪ್ಪು ಕೆಲವಕ್ಕಾದರೂ ಇರದೇ ಹೋದೀತೇ? 1943ರಲ್ಲೇ ಲೂರಿಯಾ ಮತ್ತು ಡೆಲ್ಬ್ರೂಕ್ ಬ್ಯಾಕ್ಟೀರಿಯಾಗಳಲ್ಲಿ ಇದನ್ನು ತೋರಿಸಿದ್ದರು: ವೈರಸ್ಸನ್ನು ತಡೆಯುವ ಶಕ್ತಿ ವೈರಸ್ ಎದುರಾದ ಮೇಲೆ ಬಂದದ್ದಲ್ಲ, ಕೆಲವಕ್ಕೆ ಮೊದಲೇ ಇತ್ತು. (ಲ್ಯುಕೇಮಿಯಾದಲ್ಲಿ ಚಿಕಿತ್ಸೆಯ ನಡುವೆ ಹುಟ್ಟುವ ತಪ್ಪುಗಳೂ ಇವೆ ಅನ್ನಿ.)

ಅಮಿನೊಪ್ಟೆರಿನ್‌ನ ತಮ್ಮನಂತಿರುವ ಮೆಥೊಟ್ರೆಕ್ಸೇಟ್ ಇವತ್ತಿಗೂ ಬಳಕೆಯಲ್ಲಿದೆ. ಹೊಸ ಡಿಎನ್‌ಎ ಕಟ್ಟಲು ಕೋಶಕ್ಕೆ ಒಂದು ಕಿಣ್ವ ಬೇಕು. ಮೆಥೊಟ್ರೆಕ್ಸೇಟ್ ಆ ಕಿಣ್ವವನ್ನೇ ಹೋಗಿ ಕಚ್ಚಿಕೊಳ್ಳುತ್ತದೆ. 1978ರಲ್ಲಿ ರಾಬರ್ಟ್ ಶಿಮ್ಕೆ ಅವರ ತಂಡ ಇಲಿಯ ಕೋಶಗಳಲ್ಲಿ ಒಂದು ವಿಚಿತ್ರ ಕಂಡಿತು. ಔಷಧಿಗೆ ಬಗ್ಗದ ಕೋಶಗಳು ಆ ಕಿಣ್ವದ ಜೀನನ್ನೇ ಮತ್ತೆ ಮತ್ತೆ ನಕಲು ಮಾಡಿ ರಾಶಿ ಹಾಕಿಕೊಂಡಿದ್ದವು. ಕಿಣ್ವ ಅಷ್ಟು ಜಾಸ್ತಿಯಾದರೆ ಔಷಧಿ ಎಷ್ಟನ್ನು ತಾನೇ ಹಿಡಿದೀತು? ಇನ್ನು ಕೆಲವು ಕೋಶಗಳು ಅಷ್ಟು ಕಷ್ಟವನ್ನೂ ಪಡುವುದಿಲ್ಲ. ಔಷಧಿ ಒಳಬರುವ ಬಾಗಿಲನ್ನೇ ಮುಚ್ಚಿಬಿಡುತ್ತವೆ.

ಇದಕ್ಕೆ ಉಪಾಯವಾಗಿ ಬಂದದ್ದು ಒಟ್ಟಿಗೇ ಹಲವು ಔಷಧಿ ಕೊಡುವ ಕ್ರಮ. ಸುಮ್ನೆ ಲೆಕ್ಕಕ್ಕೆ ಅಂದುಕೊಳ್ಳಿ, ಒಂದು ಔಷಧಿಯಿಂದ ಪಾರಾಗುವ ಕೋಶ ಹತ್ತು ಲಕ್ಷಕ್ಕೆ ಒಂದು. ಹಾಗಾದರೆ ಒಂದು ಲಕ್ಷ ಕೋಟಿಯಲ್ಲಿ ಹತ್ತು ಲಕ್ಷ ಪಾರಾಗುತ್ತವೆ. ಬೇರೆ ದಾರಿಯಲ್ಲಿ ಕೆಲಸ ಮಾಡುವ ಎರಡನೇ ಔಷಧಿ ಸೇರಿಸಿದರೆ ಉಳಿಯುವುದು ಒಂದೇ ಒಂದು. ಮೂರನೆಯದೂ ಸೇರಿದರೆ ಅದೂ ಉಳಿಯುವುದು ಕಷ್ಟ.

ಕಾಗದದ ಮೇಲೆ ಚೆಂದದ ಲೆಕ್ಕ. ಇದನ್ನು ಕೆಡಿಸುವುದು ಒಂದು ಪಂಪು. ಪಿ-ಗ್ಲೈಕೊಪ್ರೋಟೀನ್ ಅಂತ ಹೆಸರು. ಕೋಶದ ಹೊರಪೊರೆಯಲ್ಲಿ ಕೂತು, ಒಳಬಂದ ಔಷಧಿಯನ್ನು ಎತ್ತಿ ಹೊರಗೆ ಹಾಕುತ್ತದೆ. ನಮ್ಮ ಅಂಗಳದ ನಿತ್ಯಪುಷ್ಪದಿಂದ ಬರುವ ವಿನ್‌ಕ್ರಿಸ್ಟೀನ್ ಇರಲಿ, ಅದಕ್ಕೆ ಸಂಬಂಧವೇ ಇಲ್ಲದ ಡೌನೊರೂಬಿಸಿನ್ ಇರಲಿ, ಎರಡನ್ನೂ ಇದೇ ಪಂಪು ಆಚೆ ತಳ್ಳಬಲ್ಲದು. ಒಂದೇ ಬದಲಾವಣೆ, ಹಲವು ಔಷಧಿಗೆ ತಡೆ! ಪಂಪನ್ನೇ ಕಟ್ಟಿಹಾಕುವ ಪ್ರಯತ್ನಗಳೂ ನಡೆದವು, ಹೆಚ್ಚು ಕೈಹಿಡಿಯಲಿಲ್ಲ. ಅದೇ ಪಂಪು ನಮ್ಮ ಕರುಳು, ಲಿವರ್, ಕಿಡ್ನಿಯಲ್ಲೂ ವಿಷ ಹೊರಹಾಕುತ್ತಿರುತ್ತದೆ, ಅಲ್ವಾ? ಅದೃಷ್ಟಕ್ಕೆ ಮೆಥೊಟ್ರೆಕ್ಸೇಟ್ ಮೇಲೆ ಇದರ ಆಟ ಅಷ್ಟಾಗಿ ನಡೆಯುವುದಿಲ್ಲ.

ಮಕ್ಕಳಲ್ಲಿ ಹೆಚ್ಚಾಗಿ ಕಾಣುವ ಲಿಂಫೊಬ್ಲಾಸ್ಟಿಕ್ ಅನ್ನುವ ಬಗೆಯ ಲ್ಯುಕೇಮಿಯಾ ಇರುವ ಮಗು ಕೆಲವು ವಾರಗಳಲ್ಲೇ ಗೆಲುವಾಗಬಹುದು. ಮುಂದೆ ಕೂದಲು ಮತ್ತೆ ಬರುತ್ತದೆ, ಮಗು ಸ್ಕೂಲಿಗೂ ಹೊರಡುತ್ತದೆ. ಆದರೂ ಮೆರ್ಕ್ಯಾಪ್ಟೊಪ್ಯೂರಿನ್ ಮಾತ್ರೆ ದಿನಾ ನುಂಗಬೇಕು, ವರ್ಷಗಟ್ಟಲೆ. “ಹುಷಾರಾಗಿದ್ದಾನಲ್ಲ, ಇನ್ನೂ ಯಾಕೆ ಮಾತ್ರೆ?” ಅಂತ ಅಜ್ಜಿ ಕೇಳುತ್ತಾರೆ. ಆ ಲಕ್ಷ ಕೋಟಿಯಲ್ಲಿ ನೂರಕ್ಕೆ 99.9 ಭಾಗ ಸತ್ತಿದ್ದರೂ ಉಳಿದವು 100 ಕೋಟಿ, ಅಜ್ಜಿ.