ಅಂಕಕ್ಕಿಂತ ಮೊದಲು ಎರಡು ಸಾಲು

ಯಾವ ಬಹುಮಾನ ಇಟ್ಟರೆ ವಿದ್ಯಾರ್ಥಿಗಳು ಪಾಠವನ್ನು ಅರ್ಧಕ್ಕೆ ಬಿಡುವುದಿಲ್ಲ ಎಂದು ಆನ್‌ಲೈನ್ ತರಗತಿ ನಡೆಸುವ ಶಿಕ್ಷಕರು ನನ್ನನ್ನು ಆಗಾಗ ಕೇಳುತ್ತಾರೆ. ಬ್ಯಾಡ್ಜ್, ಪಾಯಿಂಟ್, ಪ್ರಮಾಣಪತ್ರ ಎಲ್ಲವನ್ನೂ ನಾನು ಬಳಸಿದ್ದೇನೆ. ಲಾಗಿನ್ ಮಾಡಿಸುವ ಮಟ್ಟಿಗೆ ಅವು ಉಪಯುಕ್ತವೆಂಬುದನ್ನು ಅಲ್ಲಗಳೆಯುವುದಿಲ್ಲ. ಆದರೆ ವಿಡಿಯೊವನ್ನು ಓಡಿಸಿ, ಕ್ವಿಜ್‌ನಲ್ಲಿ ಉತ್ತರ ಊಹಿಸುತ್ತ ಪಾಯಿಂಟ್ ಗಳಿಸುವ ಒಳದಾರಿಯನ್ನು ವಿದ್ಯಾರ್ಥಿಗಳು ಬಹುಬೇಗ ಕಂಡುಕೊಳ್ಳುತ್ತಾರೆ. ಅದು ಅವರ ತಪ್ಪೇನಲ್ಲ; ನಾವು ಬೆಲೆ ಕಟ್ಟಿದ್ದು ಪಾಯಿಂಟಿಗೇ.

1973ರಲ್ಲಿ ಮನೋವಿಜ್ಞಾನಿಗಳಾದ ಮಾರ್ಕ್ ಲೆಪ್ಪರ್, ಡೇವಿಡ್ ಗ್ರೀನ್ ಮತ್ತು ರಿಚರ್ಡ್ ನಿಸ್ಬೆಟ್ ಪ್ರಕಟಿಸಿದ ಪ್ರಯೋಗವೊಂದರಲ್ಲಿ, ಚಿತ್ರ ಬರೆಯುವುದನ್ನು ತಾವಾಗಿಯೇ ಇಷ್ಟಪಡುತ್ತಿದ್ದ ಪುಟ್ಟ ಮಕ್ಕಳ ಪೈಕಿ, ಬರೆದರೆ ಪ್ರಶಸ್ತಿಪತ್ರ ಸಿಗುತ್ತದೆಂದು ಮೊದಲೇ ಭರವಸೆ ಪಡೆದವರು ಮುಂದೆ ಬಣ್ಣದ ಪೆನ್ನುಗಳತ್ತ ಹೋಗುವುದನ್ನೇ ಕಡಿಮೆ ಮಾಡಿದರು. ಅನಿರೀಕ್ಷಿತವಾಗಿ ಅದೇ ಪತ್ರ ಪಡೆದವರ ಆಸಕ್ತಿ ಹಾಗೆ ಕುಂದಲಿಲ್ಲ. ಈ ಕಾರಣಕ್ಕೆ ಮಗ್ಗಿ ಅಥವಾ ಪದಗಳ ಕಂಠಪಾಠದಂತಹ ಬೇಸರದ ಅಭ್ಯಾಸಕ್ಕೆ ಮಾತ್ರ ಪಾಯಿಂಟನ್ನು ಮುಂಚಿತವಾಗಿ ಘೋಷಿಸುತ್ತೇನೆ. ಪ್ರಬಂಧಕ್ಕಾಗಲಿ ಯೋಜನಾ ಕಾರ್ಯಕ್ಕಾಗಲಿ ಘೋಷಿಸುವುದಿಲ್ಲ. ಯಾರು ಎಷ್ಟನೆಯ ಸ್ಥಾನದಲ್ಲಿದ್ದಾರೆಂದು ಎಲ್ಲರಿಗೂ ತೋರಿಸುವ ಲೀಡರ್‌ಬೋರ್ಡನ್ನಂತೂ ತೆಗೆದೇಹಾಕಿದ್ದೇನೆ: ಮೊದಲ ಐವರನ್ನು ಬಿಟ್ಟರೆ ಉಳಿದವರಿಗೆ ಅದು ತಾವು ಎಷ್ಟು ಹಿಂದಿದ್ದೇವೆ ಎಂಬುದನ್ನಷ್ಟೇ ನಿತ್ಯ ನೆನಪಿಸುತ್ತದೆ.

ಹಿಮ್ಮಾಹಿತಿಯ, ಅಂದರೆ ವಿದ್ಯಾರ್ಥಿಯ ಕೆಲಸ ನೋಡಿ ನಾವು ಕೊಡುವ ಫೀಡ್‌ಬ್ಯಾಕ್‌ನ ವಿಷಯ ಇದಕ್ಕಿಂತ ಸೂಕ್ಷ್ಮವಾದುದು. ಎದುರಿಗೆ ಕುಳಿತ ವಿದ್ಯಾರ್ಥಿ ಶಿಕ್ಷಕರ ಮುಖ ನೋಡಿಯೇ ಅರ್ಧ ಉತ್ತರ ತಿಳಿದುಕೊಳ್ಳುತ್ತಾನೆ. ಪರದೆಯ ಆಚೆಗಿರುವವನಿಗೆ ತನ್ನ ಬರಹವನ್ನು ಯಾರಾದರೂ ಓದಿದರೇ ಎಂಬುದೂ ತಿಳಿಯದು. ಹಾಗೆಂದು ಏನಾದರೊಂದು ಬರೆದರೆ ಸಾಲದು. ಸಂಶೋಧಕರಾದ ಕ್ಲೂಗರ್ ಮತ್ತು ಡಿನಿಸಿ 1996ರಲ್ಲಿ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ, ಹಿಮ್ಮಾಹಿತಿಯಿಂದ ಸರಾಸರಿಯಲ್ಲಿ ಲಾಭವಾಗಿದ್ದರೂ ಮೂರನೆಯ ಒಂದು ಭಾಗಕ್ಕಿಂತ ಹೆಚ್ಚು ಸಂದರ್ಭಗಳಲ್ಲಿ ಸಾಧನೆ ಕುಸಿದಿತ್ತು. ಗಮನ ಕೆಲಸದಿಂದ ವ್ಯಕ್ತಿಯ ಕಡೆಗೆ ಸರಿದಷ್ಟೂ ಹಿಮ್ಮಾಹಿತಿಯ ಪರಿಣಾಮ ದುರ್ಬಲವಾಗುತ್ತದೆ ಎಂಬುದು ಅವರ ವಿವರಣೆ. ‘ನೀನು ಜಾಣ’ ಎಂಬ ಮೆಚ್ಚುಗೆಯಿಂದ ಮುಂದಿನ ಲೆಕ್ಕಕ್ಕೆ ಸಹಾಯವಿಲ್ಲ. ‘ಎರಡನೆಯ ಹಂತದಲ್ಲಿ ಆವರಣ ಬಿಡಿಸುವಾಗ ಋಣ ಚಿಹ್ನೆಯನ್ನು ಒಳಗಿನ ಎರಡನೆಯ ಪದಕ್ಕೆ ಅನ್ವಯಿಸಿಲ್ಲ, ಅಷ್ಟನ್ನು ಸರಿಪಡಿಸಿ ಮತ್ತೆ ಕಳುಹಿಸಿ’ ಎಂದರೆ ಕೈಗೆ ಕೆಲಸ ಸಿಗುತ್ತದೆ.

ಅಂಕ ಮತ್ತು ಟಿಪ್ಪಣಿಯನ್ನು ಒಟ್ಟಿಗೆ ಕೊಡುವ ಅಭ್ಯಾಸವನ್ನೂ ನಾನು ಬಿಟ್ಟಿದ್ದೇನೆ. ರೂತ್ ಬಟ್ಲರ್ 1988ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಬರಿಯ ಟಿಪ್ಪಣಿ ಪಡೆದ ಮಕ್ಕಳ ಆಸಕ್ತಿ ಉಳಿಯಿತು. ಟಿಪ್ಪಣಿಯ ಜೊತೆಗೆ ಅಂಕವೂ ಸಿಕ್ಕವರಲ್ಲಿ ಆ ಲಾಭ ಕಾಣಲಿಲ್ಲ. ಅಂಕ ಕಂಡ ಕಣ್ಣು ಟಿಪ್ಪಣಿಯತ್ತ ತಿರುಗುವುದಿಲ್ಲ ಎಂಬುದು ನನ್ನ ಅನುಭವ ಕೂಡ. ಆದ್ದರಿಂದ ಮೊದಲು ಟಿಪ್ಪಣಿ ಹೋಗುತ್ತದೆ. ತಿದ್ದಿದ ಪ್ರತಿ ಮರಳಿ ಬಂದ ಮೇಲೆಯೇ ಅಂಕ.

ದೊಡ್ಡ ತರಗತಿಯಲ್ಲಿ ಇದಕ್ಕೆ ಸಮಯವೆಲ್ಲಿ ಎಂಬ ಆಕ್ಷೇಪ ನ್ಯಾಯವಾದದ್ದೇ. ಕ್ವಿಜ್ ಸಿದ್ಧಪಡಿಸುವಾಗ ಪ್ರತಿ ತಪ್ಪು ಆಯ್ಕೆಗೂ, ಯಾವ ತಪ್ಪು ತಿಳಿವಳಿಕೆ ಅಲ್ಲಿಗೆ ಕರೆದೊಯ್ದಿರಬಹುದೆಂಬ ವಿವರಣೆಯನ್ನು ಒಮ್ಮೆ ಬರೆದಿಟ್ಟರೆ ಯಂತ್ರವೇ ಅದನ್ನು ತಕ್ಷಣ ತಲುಪಿಸುತ್ತದೆ. ಹೀಗೆ ಉಳಿಸಿದ ಸಮಯವನ್ನು ನಾನು ಕೋರ್ಸಿನ ಮೊದಲ ಎರಡು ವಾರಗಳ ಬರಹಗಳಿಗೆ ವ್ಯಯಿಸುತ್ತೇನೆ, ಏಕೆಂದರೆ ಬಿಟ್ಟುಹೋಗುವವರಲ್ಲಿ ಹೆಚ್ಚಿನವರು ನನ್ನ ತರಗತಿಗಳಲ್ಲಿ ಹೊರಟದ್ದು ಆ ದಿನಗಳಲ್ಲೇ.